ಗಾಳಿ ಹಲಗೆ ಹತ್ತಿದ ಚುಕ್ಕಿ ಹೇಂಟೆ

ಹ್ಞೂಂ ಅಂತೀರಾ? ಹ್ಞೂಂ ಅಂದ್ರೆ ಮಾತ್ರ ಹೇಳ್ತೇನೆ. ಆಮೇಲೆ ನಿದ್ದೆ ಮಾಡಿದ್ರೆ ನೋಡಿ ಮತ್ತೆ!

ಹೊಳೆ ಬದಿಯಲ್ಲಿ ಒಂದು ಚುಕ್ಕಿ ಹೇಂಟೆ. ಅವಳಿಗೆ ಒಂದೇ ಮರಿ, ಪಿಟ್ಟ. ಪಿಟ್ಟ ನೀರಂಚಿನ ತೆಂಗಿನ ಸಿಪ್ಪೆ ಹತ್ತಿ ಕೂತ. ಸಿಪ್ಪೆ ತೇಲಿತು. ತೇಲಿ ತೇಲಿ, ಹೊಳೆ ನಡುವಿನ ದ್ವೀಪಕ್ಕೆ ಹೋಯ್ತು!

"ಅಯ್ಯೋ, ನನ್ನ ಪಿಟ್ಟ!" ಚುಕ್ಕಿ ಗೋಳೋ ಅಂತ ಅತ್ತಳು. ಅವಳಿಗೆ ಈಜಲು ಬರೋದಿಲ್ಲ.

ಅಲ್ಲೇ ನೀರಲ್ಲಿ ತೇಲುವ ಗಾಳಿ ಹಲಗೆಗಳ ಅಂಗಡಿ. ಗಾಳಿ ತುಂಬಬೇಕು, ಮೇಲೆ ನಿಲ್ಲಬೇಕು, ಹುಟ್ಟು ಹಾಕಬೇಕು. ಯಾವುದನ್ನು ಆರಿಸೋದು? ಮೊಟ್ಟೆಗೆ ಕೂರುವ ಜಾಗ ಆರಿಸುವ ಹಾಗೆ, ಚುಕ್ಕಿ ಕಾಲಲ್ಲಿ ಕೆರೆದು ನೋಡಿದಳು. ಸಪೂರ ಹಲಗೆ ಕೆರೆದಳು. ಗಡಗಡ ಅಲುಗಾಡಿತು. ಬೇಡಪ್ಪ! ಉದ್ದ ಹಲಗೆ ಕೆರೆದಳು. ಜರ್ರನೆ ಜಾರಿತು. ಬೇಡಪ್ಪ! ಅಗಲ ಹಲಗೆ ಕೆರೆದಳು. ಆಹಾ, ಇದೇ! ಆದರೆ ಅದರ ಹೊಟ್ಟೆ ಚಪ್ಪಟೆ.

"ಹಲಗೆ, ಹಲಗೆ, ಪಿಟ್ಟನ ಹತ್ತಿರ ಕರ್ಕೊಂಡು ಹೋಗು."

"ಗಾಳಿ ಇಲ್ಲದೆ ಹೋಗುದಿಲ್ಲ. ಪಂಪನ್ನು ಕೇಳು."

"ಪಂಪೇ, ಪಂಪೇ, ಗಾಳಿ ಕೊಡು. ಗಾಳಿ ಹಲಗೆಗೆ, ಹಲಗೆ ಪಿಟ್ಟನಿಗೆ."

"ಕಿರ್ರ್! ಗಂಟಲು ಒಣಗಿದೆ. ಎಣ್ಣೆ ಹಾಕದೆ ಊದುದಿಲ್ಲ."

ಮೀನು ಹುರಿಯುವ ವಾರಿಜಕ್ಕನ ಹತ್ತಿರ ಓಡಿದಳು.

"ವಾರಿಜಕ್ಕ, ವಾರಿಜಕ್ಕ, ಎಣ್ಣೆ ಕೊಡಿ. ಎಣ್ಣೆ ಪಂಪಿಗೆ, ಗಾಳಿ ಹಲಗೆಗೆ, ಹಲಗೆ ಪಿಟ್ಟನಿಗೆ."

"ಸುಮ್ಮನೆ ಕೊಡ್ಲಿಕ್ಕೆ ಇದೇನು ಹೊಳೆ ನೀರಾ? ಒಂದು ಮೊಟ್ಟೆ ತಾ."

ಖಾಲಿ ಹೊಟ್ಟೆಯಲ್ಲಿ ಮೊಟ್ಟೆ ಎಲ್ಲಿಂದ ಬರ್ತದೆ? ಅಕ್ಕಿ ಅಂಗಡಿ ದೂಜಣ್ಣನ ಹತ್ತಿರ ಓಡಿದಳು.

"ದೂಜಣ್ಣ, ದೂಜಣ್ಣ, ನುಚ್ಚು ಕೊಡಿ. ನುಚ್ಚು ಹೊಟ್ಟೆಗೆ, ಮೊಟ್ಟೆ ವಾರಿಜಕ್ಕನಿಗೆ, ಎಣ್ಣೆ ಪಂಪಿಗೆ, ಗಾಳಿ ಹಲಗೆಗೆ, ಹಲಗೆ ಪಿಟ್ಟನಿಗೆ."

ದೂಜಣ್ಣ ಆಕಳಿಸಿದ. "ನಿನ್ನ ಗಂಡ ದಿನಾ ಕಿರುಚಿ ನನ್ನ ನಿದ್ದೆ ಹಾಳು ಮಾಡ್ತಾನೆ. ನಾಳೆ ಒಂದಿನ ಬಾಯಿ ಮುಚ್ತೇನೆ ಅಂತ ಅವನಿಂದ ಮಾತು ತಾ, ಕೊಡ್ತೇನೆ."

ಬೇಲಿ ಮೇಲಿನ ಹುಂಜನ ಹತ್ತಿರ ಓಡಿದಳು.

"ಹೋಯ್, ಹೋಯ್, ನಾಳೆ ಕೂಗಬೇಡಿ. ನಿದ್ದೆ ದೂಜಣ್ಣನಿಗೆ, ನುಚ್ಚು ಹೊಟ್ಟೆಗೆ, ಮೊಟ್ಟೆ ವಾರಿಜಕ್ಕನಿಗೆ, ಎಣ್ಣೆ ಪಂಪಿಗೆ, ಗಾಳಿ ಹಲಗೆಗೆ, ಹಲಗೆ ಪಿಟ್ಟನಿಗೆ."

"ಕೂಗದಿದ್ರೆ ನಾನೆಂಥ ಹುಂಜ? ಊರೆಲ್ಲ ನಗ್ತದೆ!"

"ನಗಲಿ. ನನಗೆ ಪಿಟ್ಟ ಬೇಕು."

ಹುಂಜನ ಜುಟ್ಟು ಬಾಗಿತು. "ನನಗೂ ಬೇಕು. ಕೂಗುದಿಲ್ಲ."

ಹುಂಜ ಮಾತು ಕೊಟ್ಟ. ದೂಜಣ್ಣ ನುಚ್ಚು ಕೊಟ್ಟ. ಚುಕ್ಕಿ ತಿಂದಳು, ಮುಕ್ಕಿದಳು, ಮೊಟ್ಟೆ ಇಟ್ಟಳು. ವಾರಿಜಕ್ಕ ಎಣ್ಣೆ ಕೊಟ್ಟಳು. ಪಂಪು ಬುಸ್ ಬುಸ್ ಊದಿತು. ಹಲಗೆಯ ಹೊಟ್ಟೆ ಉಬ್ಬಿತು. ಚುಕ್ಕಿ ಹತ್ತಿ ನಿಂತಳು. ರೆಕ್ಕೆಯೇ ಹುಟ್ಟು! ಛಪ್ ಛಪ್, ಛಪ್ ಛಪ್... ಪಿಟ್ಟ ಸಿಕ್ಕಿದ!

"ನನ್ನ ಬಂಗಾರ! ಬಾ, ಹತ್ತು. ಏನನ್ನೂ ಕುಕ್ಕಬೇಡ."

ಹೇಳಿದ ಮಾತು ಕೇಳುವ ಮರಿಯಾ ಅದು? ಹಲಗೆಗೆ ಗಾಳಿ ಹೋಗದ ಹಾಗೆ ಮುಚ್ಚಿದ ಒಂದು ಬಿಳಿ ಬಿರಡೆ. ಅಕ್ಕಿ ಕಾಳು ಅಂದ್ಕೊಂಡ. ಕುಕ್ಕಿದ. ಟಪ್! ಪುಸ್ಸ್ಸ್ಸ್! ಹಲಗೆ ಸುಂಯ್ಯಂತ ಹಾರಿ, ತಾಯಿ ಮರಿ ಇಬ್ಬರನ್ನೂ ಮನೆ ಬಾಗಿಲಿಗೇ ತಂದು ಹಾಕಿತು.

ಮರುದಿನ ಬೆಳಿಗ್ಗೆ ಹುಂಜ ಮಾತಿಗೆ ತಪ್ಪಲಿಲ್ಲ. ಬಾಯಿ ಗಪ್‌ಚಿಪ್. ದೂಜಣ್ಣ ಗೊರಗೊರ ಗೊರಕೆ.

ಆದರೆ ಪಿಟ್ಟ ಯಾರಿಗೂ ಮಾತು ಕೊಟ್ಟಿರಲಿಲ್ಲವಲ್ಲ! ದೂಜಣ್ಣನ ಕಿಟಕಿ ಹತ್ತಿದ. ಕುತ್ತಿಗೆ ಚಾಚಿದ.

"ಕೀ ಕೀ ಕೀಈಈಈ!"