ಅರವತ್ತಮೂರನೆಯ ಸಾಲು

೧೯೭೯ ನವೆಂಬರ್ ೧೯, ಸೋಮವಾರ. "ತಪಾಸಣೆ ಮುಗಿಯಿತು. ದಾಖಲೆಗಳೆಲ್ಲ ಅಚ್ಚುಕಟ್ಟಾಗಿವೆ ಎಂದು ಅಧ್ಯಕ್ಷರು ಬರೆದುಕೊಟ್ಟರು. ಒಂದೂ ಆಕ್ಷೇಪಣೆ ಇಲ್ಲ."

ಸುಮಿತ್ರಾದೇವಿಯವರ ಹಳೆಯ ದಿನಚರಿಯಲ್ಲಿ ಆ ದಿನಕ್ಕೆ ಇರುವುದು ಇಷ್ಟೇ. ನಲವತ್ತೈದು ವರ್ಷ ಆ ಪುಟವನ್ನು ಅವರು ಯಾರಿಗೂ ತೋರಿಸಿರಲಿಲ್ಲ. ತೋರಿಸಿದ್ದು ಶಿಷ್ಯೆಯೊಬ್ಬಳ ಪ್ರಶ್ನೆಗೆ ಉತ್ತರವಾಗಿ.

"ಅಕ್ಕೋರೆ, ಹುಡುಗ್ಯಾರ ಹೆಸರು ಹೊರಗ ಹೋಗದಂಗ ಮಾಡೀನ್ರಿ. ಒಳಗ ನಾವಷ್ಟ ಬರದಿಟ್ಕೊಂಡ್ರ ತಪ್ಪೇನ್ರಿ?"

ಕೇಳಿದವಳು ದಾನೇಶ್ವರಿ. ಸುಮಿತ್ರಾದೇವಿಯವರ ಕೈಯಲ್ಲಿ ಗಣಿತ ಕಲಿತವಳು. ಈಗ ಹೆಣ್ಣುಮಕ್ಕಳ ಹಾಸ್ಟೆಲೊಂದರ ವಾಚನಾಲಯದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಳು. ಅಲ್ಲಿಯ ಹುಡುಗಿಯರು ಕಂಪ್ಯೂಟರಿನ ಮುಂದೆ ಕೂತು ಮನೆಯಲ್ಲಿ ಕೇಳಲಾಗದ್ದನ್ನು ಕೇಳುತ್ತಿದ್ದರು. ಕಾಯಿಲೆಯ ಬಗ್ಗೆ, ಕಾನೂನಿನ ಬಗ್ಗೆ, ದೂರದ ಊರಿನ ಕೆಲಸದ ಬಗ್ಗೆ. ಕೇಳಿದ ಕಡೆಯೆಲ್ಲ ಅವರ ಗುರುತು ಉಳಿಯುತ್ತಿತ್ತು. ಅದನ್ನು ತಪ್ಪಿಸಲು ದಾನೇಶ್ವರಿ ನಡುವೆ ಒಂದು ಯಂತ್ರವನ್ನು ನಿಲ್ಲಿಸಿದ್ದಳು. ಅದಕ್ಕೆ ಪ್ರಾಕ್ಸಿ ಸರ್ವರ್ ಎನ್ನುತ್ತಾರೆ. ಹುಡುಗಿಯ ಪ್ರಶ್ನೆ ಮೊದಲು ಅದಕ್ಕೆ ಹೋಗುತ್ತದೆ. ಅದು ಹುಡುಗಿಯ ಗುರುತನ್ನೆಲ್ಲ ಒರೆಸಿ, ತನ್ನದೇ ಪ್ರಶ್ನೆ ಎಂಬಂತೆ ಹೊರಗೆ ಕೇಳುತ್ತದೆ. ಉತ್ತರ ತಂದು ಹುಡುಗಿಗೆ ಕೊಡುತ್ತದೆ. ಹೊರಗಿನವರಿಗೆ ಕಾಣುವುದು ಆ ಯಂತ್ರ ಮಾತ್ರ.

ಒಂದು ವಾರ ಕೂತು ಅವಳು ಅದನ್ನು ಹದಕ್ಕೆ ತಂದಿದ್ದಳು. ಕೊನೆಗೆ ಅದಕ್ಕೆ ಬರೆದುಕೊಡುವ ಆದೇಶಗಳಲ್ಲಿ ಒಂದೇ ಸಾಲು ಉಳಿದಿತ್ತು. ಯಾವ ಹುಡುಗಿ, ಯಾವ ದಿನ, ಏನು ಕೇಳಿದಳು ಎಂಬುದನ್ನು ಯಂತ್ರ ತನ್ನ ಕಡತದಲ್ಲಿ ಬರೆದಿಡಬೇಕೋ, ಬೇಡವೋ ಎಂದು ಹೇಳುವ ಸಾಲು.

"ನೀವ ಕಲಿಸೀರಲ್ರಿ," ಎಂದಳು ದಾನೇಶ್ವರಿ. "ಬರದಿಟ್ಟದ್ದಷ್ಟ ಉಳೀತೈತಿ ಅಂತ."

"ಕಲಿಸೀನಿ," ಎಂದರು ಸುಮಿತ್ರಾದೇವಿ. "ಅದಕ್ಕ ಈ ಕತಿ ನಾನ ಹೇಳಬೇಕು. ಕೂಡು."

ದಿನಚರಿಯ ಪುಟ ತೋರಿಸಿ, ಮಡಚಿ, ತೊಡೆಯ ಮೇಲಿಟ್ಟುಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಹೆಣ್ಣುಮಕ್ಕಳ ವಸತಿಗೃಹವಿತ್ತು. ಅದಕ್ಕೊಬ್ಬ ಮೇಲ್ವಿಚಾರಕಿ ಇದ್ದಳು. ಎಂ.ಎ. ಓದಿದವಳು. ಅವಳ ಮನೆತನದಲ್ಲಿ ಅಷ್ಟು ಓದಿದ ಹೆಂಗಸು ಅವಳೊಬ್ಬಳೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಬರೆದ ಪುಸ್ತಕದಲ್ಲಿ ಕಾಟು ಹೊಡೆದ ಅಕ್ಷರ ಇರುತ್ತಿರಲಿಲ್ಲ.

ಆ ವಸತಿಗೃಹದಲ್ಲಿ ಒಂದು ನಿಯಮವಿತ್ತು. ಹುಡುಗಿಯರ ಹೆಸರಿಗೆ ಬಂದ ಪತ್ರವನ್ನು ಕಚೇರಿಯ ಗುಮಾಸ್ತ ಒಡೆದು ಓದಬೇಕು. ಹುಡುಗಿಯರು ಬರೆದ ಪತ್ರವನ್ನೂ ಓದಬೇಕು. ಸಂಶಯ ಬಂದರೆ ತಂದೆಗೆ ತಿಳಿಸಬೇಕು. ಹಾಗಾಗಿ ಹುಡುಗಿಯರು ಊರಿಗೆ ಬರೆಯುತ್ತಿದ್ದದ್ದು ಎರಡೇ ಮಾತು: ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ.

ಒಂದು ದಿನ ಮೇಲ್ವಿಚಾರಕಿ ಒಬ್ಬ ಹುಡುಗಿಯ ಕೈಮೇಲೆ ಬಿಳಿ ಮಚ್ಚೆ ನೋಡಿದಳು. ಎಷ್ಟು ದಿನವಾಯಿತು ಎಂದು ಕೇಳಿದಳು. ಒಂದು ವರ್ಷವಾಗಿತ್ತು. ಡಾಕ್ಟರಿಗೆ ಬರೆದು ಕೇಳಿದರೆ ಗುಮಾಸ್ತ ಓದುತ್ತಾನೆ, ಗುಮಾಸ್ತ ಓದಿದರೆ ಊರಿಗೆ ತಿಳಿಯುತ್ತದೆ, ಊರಿಗೆ ತಿಳಿದರೆ ಮದುವೆಯಾಗುವುದಿಲ್ಲ ಎಂದು ಹುಡುಗಿ ವರ್ಷವಿಡೀ ಉದ್ದ ತೋಳಿನ ಕುಪ್ಪಸ ತೊಟ್ಟಿದ್ದಳು.

ಮೇಲ್ವಿಚಾರಕಿ ಅಂದೇ ಅಂಚೆ ಕಚೇರಿಗೆ ಹೋಗಿ ತನ್ನ ಹೆಸರಿನಲ್ಲಿ ಒಂದು ಪೆಟ್ಟಿಗೆ ಹಿಡಿದಳು. ಅವಳ ಪತ್ರವನ್ನು ಯಾರೂ ಒಡೆಯುತ್ತಿರಲಿಲ್ಲ. ಅಂದಿನಿಂದ ಹುಡುಗಿಯರು ತಮ್ಮ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಅವಳಿಗೆ ಕೊಡತೊಡಗಿದರು. ಅವಳು ಅದನ್ನು ತನ್ನ ಕೈಬರಹದಲ್ಲಿ ನಕಲು ಮಾಡುತ್ತಿದ್ದಳು. ಊರಿನ ಹೆಸರಿದ್ದರೆ ತೆಗೆಯುತ್ತಿದ್ದಳು. "ನಾಲ್ವರು ಅಕ್ಕತಂಗಿಯರಲ್ಲಿ ನಾನು ಮೂರನೆಯವಳು" ಎಂದಿದ್ದರೆ ಅದನ್ನೂ ತೆಗೆಯುತ್ತಿದ್ದಳು. ಅಷ್ಟರಿಂದಲೇ ಗುರುತು ಹಿಡಿಯುವವರು ಇರುತ್ತಾರೆ ಎಂದು ಅವಳಿಗೆ ತಿಳಿದಿತ್ತು. ನಕಲಾದ ಮೇಲೆ ಚೀಟಿಯನ್ನು ಒಲೆಗೆ ಹಾಕುತ್ತಿದ್ದಳು. ಪತ್ರದ ಕೆಳಗೆ ಇರುತ್ತಿದ್ದದ್ದು ಅವಳ ಸಹಿ, ಅವಳ ಪೆಟ್ಟಿಗೆಯ ಸಂಖ್ಯೆ.

ಒಮ್ಮೆ ದೊಡ್ಡ ಊರಿನ ಡಾಕ್ಟರೊಬ್ಬರು ಉತ್ತರದ ಕೊನೆಗೆ ಹೀಗೆ ಬರೆದಿದ್ದರು: "ತಾಯೀ, ಒಂದೇ ತಿಂಗಳಲ್ಲಿ ತಮಗೆ ಮಚ್ಚೆ, ಮೂರ್ಛೆ, ಮುಟ್ಟಿನ ನೋವು ಮೂರೂ ಬಂದಿವೆ. ದಯವಿಟ್ಟು ಒಮ್ಮೆ ಖುದ್ದಾಗಿ ಬನ್ನಿರಿ, ತಮ್ಮನ್ನು ನೋಡಬೇಕಾಗಿದೆ." ಮೇಲ್ವಿಚಾರಕಿ ಆ ಪತ್ರ ಓದಿ ಒಬ್ಬಳೇ ನಕ್ಕಳು. ತನ್ನ ಏರ್ಪಾಟು ಎಷ್ಟು ಗಟ್ಟಿಯೆಂದು ಅವಳಿಗೆ ಅಂದು ಖಾತ್ರಿಯಾಯಿತು.

ಆದರೆ ಉತ್ತರದ ಮೇಲೆ ಹುಡುಗಿಯ ಹೆಸರು ಇರುತ್ತಿರಲಿಲ್ಲ. ಯಾವುದು ಯಾರದು ಎಂದು ತಿಳಿಯಬೇಕಲ್ಲ? ಅದಕ್ಕೆ ಅವಳು ಒಂದು ಪುಸ್ತಕ ಇಟ್ಟಳು. ಅದರಲ್ಲಿ ಕ್ರಮಸಂಖ್ಯೆ, ಹುಡುಗಿಯ ಹೆಸರು, ಪ್ರಶ್ನೆಯ ಸಾರ, ಕಳಿಸಿದ ದಿನ, ಉತ್ತರ ಬಂದ ದಿನ, ಕೊಟ್ಟ ದಿನ. ಪುಸ್ತಕ ಬೇಕಾಗಿತ್ತು ನಿಜ. ಉತ್ತರ ಕೊಡುವವರೆಗೆ ಮಾತ್ರ ಬೇಕಾಗಿತ್ತು.

ಅರವತ್ತಮೂರನೆಯ ಸಾಲು ಒಬ್ಬ ಹದಿನೇಳು ವರ್ಷದ ಹುಡುಗಿಯದು. ಅವಳಿಗೆ ಒಂಬತ್ತನೆಯ ವಯಸ್ಸಿನಲ್ಲಿ ಮದುವೆ ಮಾಡಿದ್ದರು. ಗಂಡನನ್ನು ಅಂದು ನೋಡಿದ್ದಷ್ಟೇ. ಓದು ಮುಗಿದ ಮೇಲೆ ಕಳಿಸಿಕೊಡುವುದೆಂದು ಹಿರಿಯರ ಮಾತಾಗಿತ್ತು. ಈ ಮದುವೆ ನನಗೆ ಬೇಡ, ಬಿಡುಗಡೆಗೆ ದಾರಿಯಿದೆಯೇ ಎಂದು ಹುಡುಗಿ ಕೇಳಿದ್ದಳು.

ಪತ್ರ ವಕೀಲರೊಬ್ಬರಿಗೆ ಹೋಯಿತು. ಅಕ್ಟೋಬರ್ ಮೂವತ್ತಕ್ಕೆ ಉತ್ತರ ಬಂತು. ದಾರಿಯಿದೆ. ಹದಿನೈದರ ಒಳಗೆ ಮದುವೆಯಾದ ಹುಡುಗಿ, ಹದಿನೆಂಟು ತುಂಬುವ ಮೊದಲು ಈ ಮದುವೆಯನ್ನು ಒಲ್ಲೆ ಎಂದು ಹೇಳಿದರೆ, ಮುಂದೆ ಕೋರ್ಟು ಬಿಡುಗಡೆ ಕೊಡಬಲ್ಲದು. ಹುಡುಗಿಯ ಹೆಸರು ನನಗೆ ಈಗ ಬೇಡ. ಕಾಗದ ಸಿದ್ಧಪಡಿಸಿ ದಿನ ತಿಳಿಸುತ್ತೇನೆ, ಅಂದು ಕರೆತನ್ನಿ. ಹದಿನೆಂಟು ತುಂಬಿದರೆ ಈ ದಾರಿ ಮುಚ್ಚಿತು.

ಹುಡುಗಿಗೆ ಹದಿನೆಂಟು ತುಂಬುವುದು ಜನವರಿ ಎರಡಕ್ಕೆ.

ಪತ್ರವನ್ನು ಅವಳು ನಿಂತಲ್ಲೇ ಎರಡು ಸಲ ಓದಿದಳು. ಮಡಚಿ ಹಿಂದಕ್ಕೆ ಕೊಟ್ಟಳು. ಬಾಗಿಲವರೆಗೆ ಹೋಗಿ ತಿರುಗಿ ಬಂದಳು.

"ಅಕ್ಕೋರೆ, ಉತ್ತರ ಬಂತಲ್ರಿ. ನನ್ನ ಹೆಸರಿನ ಸಾಲು ಹರದು ಬಿಡ್ರಿ."

"ನನ್ನ ಪುಸ್ತಕದಾಗ ಹಾಳಿ ಹರಿಯೂದಿಲ್ಲ, ತಂಗಿ."

"ಹಂಗಾರ ಮಸಿ ಬಳೀರಿ."

"ಕಾಟು ಹೊಡಿಯೂದೂ ಇಲ್ಲ. ಕೀಲಿ ನನ್ನ ಹಂತ್ಯಾಕ ಐತಿ. ನನ್ನ ಮ್ಯಾಲ ನಂಬಿಕಿ ಇಲ್ಲೇನು?"

ಹುಡುಗಿ ತಲೆ ತಗ್ಗಿಸಿದಳು. ನಂಬಿಕೆ ಇಲ್ಲ ಎಂದು ಹೇಳುವ ಹುಡುಗಿ ಆ ಕಾಲದಲ್ಲಿ ಇರಲಿಲ್ಲ.

ನವೆಂಬರಿನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷ ತಪಾಸಣೆಗೆ ಬಂದ. ಅವನು ಹತ್ತಿಯ ವ್ಯಾಪಾರಿ. ಊರೂರಿನ ಅಡತಿ ಅಂಗಡಿಯ ದಲ್ಲಾಳಿಗಳೆಲ್ಲ ಅವನಿಗೆ ಗೊತ್ತು. ಹಾಜರಿ ನೋಡಿದ, ದಿನಸಿಯ ಪುಸ್ತಕ ನೋಡಿದ, ಸಂದರ್ಶಕರ ಪುಸ್ತಕ ನೋಡಿದ. ಎಲ್ಲಿಯೂ ಬೆರಳಿಡಲು ಜಾಗ ಸಿಗಲಿಲ್ಲ. ಕಡೆಗೆ ಕನ್ನಡಕ ತೆಗೆದು ಒರೆಸುತ್ತ ಅಂದ:

"ಬಾಯಾರ, ನಿಮ್ಮದೊಂದು ಅಂಚಿ ಪೆಟಿಗಿ ಐತಂತಲ್ಲ?"

"ಐತ್ರಿ. ನನ್ನ ಸ್ವಂತದ್ದು."

"ಇರಲಿ. ಊರಾಗ ಮಂದಿ ಬ್ಯಾರೇನೇ ಆಡಿಕೊಳ್ತಾರ. ಹುಡುಗ್ಯಾರ ಪ್ರೇಮಪತ್ರಕ್ಕ ನೀವ ಅಂಚಿ ಪೇದೆ ಆಗೀರಿ ಅಂತ. ನಾ ನಂಬೂದಿಲ್ಲ ಬಿಡ್ರಿ. ಮಂದಿ ಬಾಯಿ ಯಾರು ಮುಚ್ಚಬೇಕು?"

ಮೇಲ್ವಿಚಾರಕಿ ಸುಮ್ಮನಿರಬಹುದಾಗಿತ್ತು. ಮಂದಿ ಆಡಿಕೊಳ್ಳಲಿ ಎನ್ನಬಹುದಾಗಿತ್ತು. ಪೆಟ್ಟಿಗೆ ನನ್ನದು, ನೀವು ಕೇಳುವಂತಿಲ್ಲ ಎಂದರೂ ನಡೆಯುತ್ತಿತ್ತು. ಹೆಚ್ಚೆಂದರೆ ಕೆಲಸ ಹೋಗುತ್ತಿತ್ತು. ಆದರೆ ಆ ಮಾತು ಅವಳಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಎಂ.ಎ. ಓದಿದವಳು ಪ್ರೇಮಪತ್ರ ಹೊರುವವಳೇ?

ಎದ್ದಳು. ಸೊಂಟದಿಂದ ಕೀಲಿಗೊಂಚಲು ತೆಗೆದಳು. ಬೀರು ತೆರೆದು, ಪುಸ್ತಕ ತಂದು, ಅವನ ಮುಂದೆ ಇಟ್ಟಳು.

"ಓದ್ರಿ. ಇದರಾಗ ಒಂದ ಒಂದು ಪ್ರೇಮಪತ್ರ ತೋರಸ್ರಿ."

ಅಧ್ಯಕ್ಷ ಮೊದಲ ಸಾಲಿನಿಂದ ಓದಿದ. ಅವಸರ ಮಾಡಲಿಲ್ಲ. ಅರವತ್ತಮೂರನೆಯ ಸಾಲಿಗೆ ಬಂದಾಗ ಅವನ ಬೆರಳು ನಿಂತಿತು. ಅವಳ ಕಣ್ಣಿಗೆ ಅದು ಬಿತ್ತು. ಪುಸ್ತಕ ಕಸಿದುಕೊಳ್ಳಲು ಕೈ ಮುಂದಾಯಿತು, ಆದರೆ ಮರ್ಯಾದೆ ಅಡ್ಡ ಬಂತು. ಅವನು ಹಾಳೆ ತಿರುವಿದ. ಕೊನೆಯವರೆಗೆ ಓದಿ ಮುಚ್ಚಿದ.

"ಒಂದೂ ಇಲ್ಲ. ಮಂದಿ ಸುಳ್ಳ ಹೇಳ್ಯಾರ," ಎಂದ. ತಪಾಸಣೆಯ ಪುಸ್ತಕದಲ್ಲಿ ದಾಖಲೆಗಳು ಅಚ್ಚುಕಟ್ಟು ಎಂದು ಬರೆದ. ಚಹಾ ಕುಡಿದು ಹೋದ.

ಮೇಲ್ವಿಚಾರಕಿ ಬೀರುವಿಗೆ ಮತ್ತೆ ಬೀಗ ಹಾಕಿದಳು. ಬೆರಳು ನಿಂತದ್ದನ್ನು ನೆನೆದಳು. ಅಕ್ಷರ ತಿಳಿದಿರಲಿಕ್ಕಿಲ್ಲ, ಅದಕ್ಕೆ ತಡೆದಿರಬೇಕು ಎಂದುಕೊಂಡಳು. ತನ್ನ ಅಕ್ಷರ ತಿಳಿಯದವರು ಯಾರೂ ಇಲ್ಲವೆಂಬುದನ್ನು ಅವಳು ಆ ಹೊತ್ತಿಗೆ ಮರೆತಳು.

ಗುರುವಾರ ಮಧ್ಯಾಹ್ನ ಹುಡುಗಿಯ ತಂದೆ ಬಂದ. ಜೊತೆಗೆ ಬೀಗರ ಕಡೆಯ ಇಬ್ಬರು, ಅಡತಿ ಅಂಗಡಿಯವರು. ಅಜ್ಜಿಗೆ ಹುಷಾರಿಲ್ಲ, ಕರೆದೊಯ್ಯುತ್ತೇವೆ ಎಂದರು. ಅಜ್ಜಿ ಹೋಗಿ ಆರು ವರ್ಷವಾಗಿತ್ತು. ಮೇಲ್ವಿಚಾರಕಿ ಅದನ್ನು ದಾಖಲಾತಿಯ ಪುಸ್ತಕದಲ್ಲಿ ತಾನೇ ಬರೆದಿದ್ದಳು. ಪರೀಕ್ಷೆ ಇದೆ, ಕಳಿಸುವುದಿಲ್ಲ ಎಂದಳು. ನನ್ನ ಮಗಳು, ನೀವು ಯಾರು ಎಂದ ತಂದೆ. ಕಾನೂನು ಅವನ ಕಡೆಗಿತ್ತು, ಅವಳು ಹುಡುಗಿಯನ್ನು ಕರೆಸಿದಳು.

ಹುಡುಗಿ ಅಳಲಿಲ್ಲ. ವಸತಿಗೃಹದ ತಾಟು, ಲೋಟ ಒಪ್ಪಿಸಲು ಕೋಣೆಗೆ ಬಂದಳು. ಎರಡನ್ನೂ ಮೇಜಿನ ಮೇಲಿಟ್ಟು ಕೇಳಿದಳು:

"ಯಾರಿಗೆ ಹೇಳಿದ್ರಿ, ಅಕ್ಕೋರೆ?"

"ನಾ ಯಾರಿಗೂ ಒಂದು ಮಾತು ಹೇಳಿಲ್ಲ, ತಂಗಿ."

ಮಾತು ನಿಜವಾಗಿತ್ತು. ಅವಳು ಹೇಳಿರಲಿಲ್ಲ. ತೋರಿಸಿದ್ದಳು. ಹುಡುಗಿ ಆ ಮಾತನ್ನೂ ನಂಬಿ, ಕಾಲಿಗೆರಗಿ ಹೋದಳು.

ಇಲ್ಲಿಗೆ ಸುಮಿತ್ರಾದೇವಿ ನಿಲ್ಲಿಸಿದರು. ಅವರು ನೀರು ಕುಡಿದು, ಉಳಿದದ್ದನ್ನು ವರದಿ ಓದುವ ದನಿಯಲ್ಲಿ ಹೇಳಿದರು.

ಡಿಸೆಂಬರ್ ಐದಕ್ಕೆ ವಕೀಲರ ಎರಡನೆಯ ಪತ್ರ ಬಂತು. ಕಾಗದ ಸಿದ್ಧವಿದೆ, ಹತ್ತಕ್ಕೆ ಹುಡುಗಿಯನ್ನು ಕರೆತನ್ನಿ ಎಂದಿತ್ತು. ಮೇಲ್ವಿಚಾರಕಿ ಹುಡುಗಿಯ ಊರಿಗೆ ಬಸ್ಸು ಹಿಡಿದು ಹೋದಳು. ಮನೆಯವರು ಅಂಗಳದಲ್ಲೇ ನಿಲ್ಲಿಸಿದರು. ಹುಡುಗಿ ಗಂಡನ ಮನೆಯಲ್ಲಿದ್ದಾಳೆ ಎಂದರು. ಅದು ಯಾವ ಊರೆಂದು ಹೇಳಲಿಲ್ಲ. ಜನವರಿ ಎರಡು ಬಂತು, ಹೋಯಿತು. ಮಾರ್ಚಿನ ಪರೀಕ್ಷೆಯಲ್ಲಿ ಆ ಹುಡುಗಿಯ ಸಂಖ್ಯೆಯ ಬೆಂಚು ಮೂರು ಗಂಟೆ ಖಾಲಿ ಇತ್ತು. ತರಗತಿಗೆ ಮೊದಲನೆಯವಳಾಗಿದ್ದಳು. ಮುಂದೆ ಓದಲಿಲ್ಲ. ಪತ್ರವನ್ನೂ ಬರೆಯಲಿಲ್ಲ.

ತಂದೆ ಬಂದ ಆ ಗುರುವಾರದಿಂದಾಚೆಗೆ ಬೇರೆ ಯಾವ ಹುಡುಗಿಯೂ ಚೀಟಿ ತರಲಿಲ್ಲ. ಮೇಲ್ವಿಚಾರಕಿ ವಾರಕ್ಕೆರಡು ಸಲ ಅಂಚೆ ಕಚೇರಿಗೆ ಹೋಗಿ ಪೆಟ್ಟಿಗೆ ತೆರೆದಳು. ಜೂನ್ ತಿಂಗಳವರೆಗೂ ತೆರೆದಳು. ಆಮೇಲೆ ಪೆಟ್ಟಿಗೆ ಬಿಟ್ಟುಕೊಟ್ಟಳು. ಪುಸ್ತಕವನ್ನು ಸುಟ್ಟಳು. ಸುಟ್ಟದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ, ಓದಬಾರದವನು ಓದಿಯಾಗಿತ್ತು. ಅಂದಿನ ಮೇಲೆ ಆ ವಸತಿಗೃಹದಲ್ಲಿ ಎಷ್ಟು ಹುಡುಗಿಯರು ಉದ್ದ ತೋಳಿನ ಕುಪ್ಪಸ ತೊಟ್ಟು ಸುಮ್ಮನಿದ್ದರು ಎಂಬುದಕ್ಕೆ ಯಾವ ಪುಸ್ತಕದಲ್ಲೂ ದಾಖಲೆ ಇಲ್ಲ.

ಕತೆ ಮುಗಿಯಿತು. ಹುಡುಗಿಯ ಹೆಸರನ್ನು ಸುಮಿತ್ರಾದೇವಿ ಹೇಳಲಿಲ್ಲ. ದಾನೇಶ್ವರಿಯೂ ಕೇಳಲಿಲ್ಲ. ಅವಳ ಮನಸ್ಸು ಇನ್ನೂ ತನ್ನ ಯಂತ್ರದ ಸುತ್ತ ಇತ್ತು.

"ಅದು ಕಾಗದದ ಪುಸ್ತಕ ಆಗಿತ್ತಲ್ರಿ ಅಕ್ಕೋರೆ. ಈಗ ಹಂಗಲ್ಲ. ಕಡತಕ್ಕ ಗಟ್ಟಿ ಬೀಗ ಹಾಕತೀನ್ರಿ, ಯಾರೂ ಒಡೀಲಾರದಂಥಾದ್ದು. ಕೀಲಿ ನನಗೂ ಬ್ಯಾಡ. ನಿಮ್ಮಂಥಾ ಒಬ್ಬರ ಕೈಯಾಗಷ್ಟ ಇರಲಿ."

ಸುಮಿತ್ರಾದೇವಿ ದಿನಚರಿಯನ್ನು ಎತ್ತಿ ಅವಳ ಕೈಗೆ ಕೊಟ್ಟರು.

"ಆ ಬೀಗಾನೂ ಯಾರೂ ಒಡೀಲಿಲ್ಲ, ತಂಗಿ, ಕೀಲಿ ನನ್ನ ಕೈಯಾಗಷ್ಟ ಇತ್ತು."