ಓಗೊಡದ ದಕ್ಕೆ

ಕನ್ನಡ ಕರಾವಳಿ ಮುಗಿಯುವಲ್ಲಿ, ಗಡಿಹೊಳೆಯೊಂದು ಕಡಲಿಗೆ ಸೇರುವ ಬಾಯಲ್ಲಿ, ಒಂದು ಪುಟ್ಟ ಬಂದರಿದೆ. ಮೀನು ಇಳಿಸುವ ಕಟ್ಟೆ, ನಾಲ್ಕು ಚಹಾದಂಗಡಿ, ಬಲೆ ಒಣಗುವ ತೆಂಗಿನ ತೋಪು. ನೋಡಲು ಬರುವವರಿಗೆ ಇಷ್ಟೇ. ಆದರೆ ದೋಣಿ ಕಟ್ಟುವ ಇಲ್ಲಿಯ ಹಳೆಯ ದಕ್ಕೆಯ ಮೇಲೆ ನಿಂತು ಯಾರನ್ನಾದರೂ ಕೂಗಿದರೆ ಊರವರು ಓಗೊಡುವುದಿಲ್ಲ. ಹತ್ತಿರ ಬಂದು, ಭುಜ ಮುಟ್ಟಿ, ಏನು ಬೇಕೆಂದು ಮೆಲ್ಲನೆ ಕೇಳುತ್ತಾರೆ. ಪೇಟೆಯಿಂದ ಬಂದವರು ಇದನ್ನು ಸೊಕ್ಕು ಎಂದುಕೊಳ್ಳುವುದುಂಟು. ಪಾಪ, ಅವರಿಗೇನು ಗೊತ್ತು.

ಹಿಂದೆ ಒಮ್ಮೆ, ಹೊಳೆಯಾಚೆಯ ದಡ ಪರಂಗಿಯವರ ದೇಶವಾಗಿದ್ದ ಕಾಲದಲ್ಲಿ, ಇಲ್ಲಿ ಜಟ್ಟಿ ಎಂಬ ಅಂಬಿಗನಿದ್ದ ಎನ್ನುತ್ತಾರೆ. ಆಚೆಯಿಂದ ಕೂಗು ಬಂದರೆ ಅಂಬಿಗ 'ಓ' ಎನ್ನಬೇಕು. ಓ ಎಂದಮೇಲೆ ದೋಣಿ ಹೋಗಲೇಬೇಕು. ಅದನ್ನು ಕೇಳಿದ ಮೇಲೆಯೇ ಪಯಣಿಗರು ಹೊಳೆಯ ನಡುವಿನ ಮರಳುದಿಬ್ಬಕ್ಕೆ ಇಳಿದು ಕಾಯುತ್ತಿದ್ದರು. ಇಳಿತದ ಹೊತ್ತಿನಲ್ಲಿ ದೋಣಿ ತಾಗುತ್ತಿದ್ದುದು ಅಲ್ಲಿಗೆ ಮಾತ್ರ. ಉತ್ತರ ಬಾರದಿದ್ದರೆ ದಡದಲ್ಲೇ ಉಳಿಯುತ್ತಿದ್ದರು. ಒಂದು ವರ್ಷ ಆಚೆ ದೇಶದಲ್ಲಿ ಮಾರಿಬೇನೆ ಎದ್ದಿತು. ಯಾರನ್ನೂ ದಾಟಿಸಬಾರದೆಂದು ಊರು ತೀರ್ಮಾನಿಸಿತು. ಜಟ್ಟಿ ತನ್ನ ಒಬ್ಬಳೇ ಮಗಳು ಮಂಕಾಳಿಯನ್ನು ಕೊಟ್ಟದ್ದು ಆಚೆ ದಡಕ್ಕೇ. ಆದರೂ ಹತ್ತು ಜನರ ಮುಂದೆ ತಲೆಯಾಡಿಸಿ ದೋಣಿ ಕಟ್ಟಿದ.

ಒಂದು ಸಂಜೆ ಅವನು ಹುಟ್ಟಿಗೆ ಎಣ್ಣೆ ಸವರುತ್ತ ಕುಳಿತಿದ್ದಾಗ, "ಅಪ್ಪಾ, ದೋಣಿ ತಕಂಬಾ" ಎಂಬ ಕೂಗು ಕೇಳಿತು. ಬಾಯಿ ತನ್ನಷ್ಟಕ್ಕೆ ತಾನೇ 'ಓ' ಎಂದುಬಿಟ್ಟಿತು. ಎದ್ದು ನೋಡಿದರೆ ಮಂಕಾಳಿ ಕೂಸನ್ನು ಎತ್ತಿಕೊಂಡು ದಿಬ್ಬಕ್ಕೆ ಇಳಿಯುತ್ತಿದ್ದಳು. ಅವನು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಜನ ಅಮುಕಿ ಹಿಡಿದರು. "ನಾ ಓ ಅಂದದ್ದ ನಂಬ್ಕಂಡು ಅದು ಇಳೀತದೆ, ಬಿಡ್ರೋ" ಎಂದು ಗೋಗರೆದ. "ಒಂದು ಜೀವ ನೋಡ್ತ್ಯೋ, ಊರು ನೋಡ್ತ್ಯೋ?" ಎಂದ ಊರ ಯಜಮಾನ ದ್ಯಾವಣ್ಣ, ಅವನ ಬಾಯನ್ನೂ ಮುಚ್ಚಿಸಿದ. ಹಿಂದೆ ಹೋಗೆಂದು ಊರವರು ಕೂಗಿದರು. ಅಪ್ಪ ಓ ಎಂದಮೇಲೆ ಅವಳು ಬೇರೆಯವರ ಮಾತು ಯಾಕೆ ಕೇಳಿಯಾಳು? ಕೂಸಿಗೆ ಹಾಲೂಡಿಸುತ್ತ ಮರಳಲ್ಲಿ ಕುಳಿತಳು. ಉಬ್ಬರ ಬಂದು ಮೊದಲು ಅವಳ ಹಿಂದಿನ ದಾರಿ, ಆಮೇಲೆ ದಿಬ್ಬ ಮುಳುಗಿತು.

ಮರುಸಂಜೆ ಇಳಿತದ ಹೊತ್ತಿಗೆ, ಬರಿದಾದ ದಿಬ್ಬದಿಂದ ಅದೇ ಕೂಗು ಬಂದಿತು. ಊರೆಲ್ಲ ಕೇಳಿತು. ಈ ಸಲ ಜಟ್ಟಿ ಓಗೊಡಲಿಲ್ಲ. ಸುಮ್ಮನೆ ಹಗ್ಗ ಬಿಚ್ಚಿ ಹೋದ. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಮರಳುವಾಗ ದೋಣಿಯಲ್ಲಿ ಕಂಡದ್ದು ಅವನೊಬ್ಬನೇ, ಆದರೆ ದೋಣಿ ಭಾರಕ್ಕೆ ತಗ್ಗಿತ್ತು. "ಕೂಸ ಕೊಡು, ಮಗಾ" ಎಂದು ಅವನು ಕೈ ಚಾಚಿದ. ತೋಳುಗಳು ಸಣ್ಣಗೆ ಬಾಗಿದವು. ಮೆಟ್ಟಿಲು ಹತ್ತಿದ ಅವನ ಹಿಂದೆ, ಒಂದೊಂದಾಗಿ, ಬೇರೆ ಒದ್ದೆ ಹೆಜ್ಜೆಗಳು ಮೂಡುತ್ತ ಬಂದವು.

ಅಂದಿನಿಂದ ಇದಕ್ಕೆ ಓಗೊಡದ ದಕ್ಕೆ ಎಂದೇ ಹೆಸರು. ಈಗ ಹೊಳೆಗೆ ಸೇತುವೆಯಾಗಿದೆ, ದೋಣಿ ಯಾರಿಗೂ ಬೇಡ. ಆದರೂ ಇಳಿತದ ಸಂಜೆಗಳಲ್ಲಿ ಅಂಬಿಗನೊಬ್ಬ ಕರೆಗೆ ಕಾಯದೆ ದಿಬ್ಬದವರೆಗೆ ಹೋಗಿ ಬರುವುದನ್ನು ಬಂದವರು ನೋಡಬಹುದು. ಹೋಗುವಾಗ ಹಗುರವಾಗಿ ತೇಲುವ ದೋಣಿ ಬರುವಾಗ ಒಂದು ಹಲಗೆಯಷ್ಟು ತಗ್ಗಿರುತ್ತದೆ. ದಕ್ಕೆಯ ಮೇಲಿದ್ದವರು ಮಾತು ನಿಲ್ಲಿಸಿ, ಬದಿಗೆ ಸರಿದು, ದಾರಿ ಬಿಡುತ್ತಾರೆ.