ಪರದೆಯ ಹಿಂದಿನ ಉಪವಾಸ

ಗುಮ್ಮನಕೋಟೆಯ ದೊರೆ ಪುಂಡರೀಕರಾಯನಿಗೆ ಎರಡರ ಮೇಲೆ ವಿಪರೀತ ಹೆಮ್ಮೆ. ಒಂದು ಅವನ ಮೀಸೆ, ಇನ್ನೊಂದು ಅವನ ಭಕ್ತಿ. ಮೀಸೆ ನಿಜಕ್ಕೂ ದೊಡ್ಡದಿತ್ತು, ಇಲ್ಲ ಅನ್ನೋಕಾಗಲ್ಲ. ಭಕ್ತಿಯ ವಿಷಯ ನೀವೇ ನೋಡಿ.

ಒಂದು ಏಕಾದಶಿಯ ಮಧ್ಯಾಹ್ನ ದೊರೆ ದೇವರಮನೆಯಿಂದ ಹೊರಗೆ ಬಂದು ಖಾಲಿ ಬೆಳ್ಳಿ ತಟ್ಟೆ ಎತ್ತಿ ತೋರಿಸಿದ.

"ನೋಡಿರಯ್ಯ! ಇಪ್ಪತ್ತೊಂದು ಹೋಳಿಗೆ ನೈವೇದ್ಯಕ್ಕಿಟ್ಟೆ. ಪರದೆ ಎಳೆದು ಗಂಟೆ ಬಾರಿಸಿದೆ. ಸಾಕ್ಷಾತ್ ಭಗವಂತನೇ ಬಂದು ಒಂದು ಚೂರೂ ಬಿಡದೆ ಉಂಡು ಹೋದ! ನಾನೋ, ನಿರ್ಜಲ ಉಪವಾಸ. ದೊರೆ ಅಂದರೆ ಹೀಗಿರಬೇಕು. ನಾನು ನಡೆದ ಹಾಗೆ ಪ್ರಜೆಗಳೂ ನಡೆಯಬೇಕು!"

ಆಸ್ಥಾನದವರೆಲ್ಲ ಕೈ ಮುಗಿದರು. ವಿದೂಷಕ ಅಳಸಿಂಗನೂ ಮುಗಿದ. ಆದರೆ ಪರದೆಯ ಈಚೆ ತುಳಸಿ ತಟ್ಟೆ ಹಿಡಿದು ನಿಂತಿದ್ದವನು ಅವನೇ. ಗಂಟೆ ಮೊದಲು ಟಿಣಿಟಿಣಿ ಅಂತ ಜೋರಾಗಿತ್ತು. ಆಮೇಲೆ ನಿಧಾನವಾಯಿತು. ನಡುವೆ ಪೂರ್ತಿ ನಿಂತು, ಒಂದು ತೇಗು ಕೇಳಿಸಿ, ಮತ್ತೆ ಟಿಣಿಟಿಣಿ ಶುರುವಾಯಿತು. ದೇವರು ತೇಗಿದ್ದನ್ನು ಅಳಸಿಂಗ ಅದುವರೆಗೆ ಕೇಳಿರಲಿಲ್ಲ.

ಅಷ್ಟರಲ್ಲಿ ಕಾವಲಿನವರು ಹೂ ಕಟ್ಟುವ ಲಕುಮಜ್ಜಿಯನ್ನು ಎಳೆದು ತಂದರು. ಏಕಾದಶಿ ದಿನ ಊರಲ್ಲಿ ಯಾರೂ ಏನೂ ತಿನ್ನಬಾರದೆಂದು ದೊರೆಯ ಕಟ್ಟಪ್ಪಣೆ. ಎಪ್ಪತ್ತು ದಾಟಿದ ಅಜ್ಜಿ ಒಂದು ಹಿಡಿ ಪುರಿ ತಿಂದು ಸಿಕ್ಕಿಬಿದ್ದಿದ್ದಳು.

"ತಲೆ ತಿರುಗ್ತು ಬುದ್ಧಿ, ಅದಕ್ಕೇ ಬಾಯಿಗೆ ಹಾಕ್ಕೊಂಡೆ."

"ಪಾಪಿ! ಇವಳನ್ನು ಊರು ಬಿಟ್ಟು ಓಡಿಸಿ!"

"ನನ್ನ ಮಲ್ಲಿಗೆ ಗಿಡ ಬಿಟ್ಟು ಎಲ್ಲಿಗೆ ಹೋಗ್ಲಿ ನನ್ನಪ್ಪಾ!" ಅಂತ ಅಜ್ಜಿ ಗೋಳೋ ಎಂದಳು.

ಅಳಸಿಂಗ ಮುಂದೆ ಬಂದ. "ಪ್ರಭು, ತಪ್ಪು ಅಜ್ಜಿಯದಲ್ಲ. ತಮ್ಮ ಹಾಗೆ ಏಕಾದಶಿ ಮಾಡುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಮುಂದಿನ ಏಕಾದಶಿವರೆಗೆ ಬಿಡಿ, ನಾನು ಕಲಿಸುತ್ತೇನೆ. ತಾವು ಮಾಡಿದಂತೆ ಮಾಡದಿದ್ದರೆ ನಮ್ಮಿಬ್ಬರನ್ನೂ ಓಡಿಸಿ."

"ನಾನು ಮಾಡಿದಂತೆಯೇ ಮಾಡಿದರೆ?"

"ಮಾಡಿದವರಿಗೆ ಯಾರಿಗೂ ಶಿಕ್ಷೆಯಿಲ್ಲ ಅಂತ ಮಾತು ಕೊಡಿ."

ದೊರೆ ಉಬ್ಬಿಹೋದ. "ಕೊಟ್ಟೆ! ಊರಿಗೇ ಕಲಿಸಯ್ಯ!"

ಅಳಸಿಂಗ ನಿಜವಾಗಿಯೂ ಊರಿಗೇ ಕಲಿಸಿದ.

ಮುಂದಿನ ಏಕಾದಶಿ ಬಂತು. ಮಧ್ಯಾಹ್ನ ದೊರೆ ಪರದೆ ಎಳೆದು, ಎಡಗೈಯಲ್ಲಿ ಗಂಟೆ ಹಿಡಿದು, ಬಲಗೈಯನ್ನು ಹೋಳಿಗೆಗೆ ಹಾಕಿದ. ನಾಲ್ಕನೆಯದು ಬಾಯಲ್ಲಿದ್ದಾಗ ಹೊರಗೆ ಊರೆಲ್ಲ ಟಿಣಿಟಿಣಿ, ಢಣಢಣ, ಗಿಲಿಗಿಲಿ! ಗಂಟೆ ಇಲ್ಲದವರು ಚೊಂಬು ಬಡಿಯುತ್ತಿದ್ದರು. ದೊರೆಗೆ ಹೋಳಿಗೆ ಗಂಟಲಲ್ಲೇ ಸಿಕ್ಕಿಕೊಂಡಿತು.

"ಏನಯ್ಯಾ ಇದು ರಂಪ?" ಎಂದು ಕೆಮ್ಮುತ್ತ ಹೊರಗೆ ಓಡಿಬಂದ. "ಆ ಅಜ್ಜಿಯನ್ನು ಕರೆಸಿ!"

ಲಕುಮಜ್ಜಿ ಆಡಿನ ಕೊರಳ ಗಂಟೆ ಹಿಡಿದುಕೊಂಡೇ ಬಂದಳು.

"ಏನು ಮಾಡಿದೆ ಹೇಳು."

"ದೇವರ ಮುಂದೆ ಮೂರು ರೊಟ್ಟಿ, ಹುಚ್ಚೆಳ್ಳು ಚಟ್ನಿ ಇಟ್ಟೆ ಬುದ್ಧಿ. ಹಳೇ ಸೀರೆ ಅಡ್ಡ ಕಟ್ಟಿ ಗಂಟೆ ಬಾರಿಸ್ದೆ. ಸೀರೆ ಸರಿಸಿದ್ರೆ ತಟ್ಟೆ ಖಾಲಿ! ಭಗವಂತ ಉಂಡ್ಬಿಟ್ಟಿದ್ದ."

"ಸುಳ್ಳಿ! ಸೀರೆಯ ಹಿಂದೆ ಯಾರ್‍ಯಾರಿದ್ದರು?"

"ದೇವರು, ನಾನು. ಇಬ್ರೇ."

"ಹಾಗಾದರೆ ತಿಂದವಳು ನೀನೇ! ದೇವರು ಎಲ್ಲಾದರೂ ತಟ್ಟೆ ಖಾಲಿ ಮಾಡುತ್ತಾನಾ?"

ಅಳಸಿಂಗ ಎರಡೂ ಕೈ ಜೋಡಿಸಿದ. "ಒಳ್ಳೇ ತೀರ್ಪು ಪ್ರಭು. ಪರದೆಯ ಹಿಂದೆ ಒಬ್ಬರೇ ಇದ್ದವರಿಗೆಲ್ಲ ಇದೇ ತೀರ್ಪು ಅಂತ ಡಂಗುರ ಹೊಡೆಸಲೇ?"

ದೊರೆಗೆ ತಾನು ಹೇಳಿದ್ದೇನೆಂದು ಆಗ ಹೊಳೆಯಿತು. "ಛೆ, ಛೆ! ಬೇಡ, ಬೇಡ. ಅಜ್ಜಿಯ ಮನೆಗೂ ದೇವರು ಬಂದಿರಬಹುದು."

"ಊರಿನ ಮುನ್ನೂರು ಮನೆಗೂ ಬಂದಿದ್ದ ಪ್ರಭು. ಎಲ್ಲರೂ ತಾವು ನಡೆದಂತೆಯೇ ನಡೆದಿದ್ದಾರೆ."

"ಹಾಗಾದರೆ ನನ್ನ ಭಕ್ತಿಗೂ ಈ ಅಜ್ಜಿಯ ಭಕ್ತಿಗೂ ವ್ಯತ್ಯಾಸವೇ ಇಲ್ಲವೇನಯ್ಯ?"

"ಒಂದಿದೆ ಪ್ರಭು. ಅಜ್ಜಿಗೆ ಮೀಸೆ ಇಲ್ಲ. ತಮ್ಮದರಲ್ಲಿ ತುಪ್ಪ ಇನ್ನೂ ಹನಿಯುತ್ತಿದೆ."

ದೊರೆ ಮೀಸೆ ಮುಟ್ಟಿ ನೋಡಿಕೊಂಡ. ಬೆರಳೆಲ್ಲ ಜಿಡ್ಡು, ತುದಿಯಲ್ಲಿ ಒಂದಿಷ್ಟು ಹೂರಣ. ಮೊದಲು ಕೆಂಪಾದ, ಆಮೇಲೆ ಬೆವರಿದ, ಕೊನೆಗೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. ಉಳಿದ ಹದಿನೇಳು ಹೋಳಿಗೆಯನ್ನು ಅಜ್ಜಿಗೂ ಅಳಸಿಂಗನಿಗೂ ಹಂಚಿಸಿದ. ಕಟ್ಟಪ್ಪಣೆ ರದ್ದಾಯಿತು.

"ಮುಂದಿನ ಏಕಾದಶಿ ನಾನು ನಿಜವಾಗಿ ಉಪವಾಸ ಮಾಡುತ್ತೇನೆ. ಪರದೆಯೇ ಬೇಡ, ಕಿತ್ತು ಹಾಕಿ!" ಎಂದ.

ಮಾಡಿದ ಕೂಡ, ಪಾಪ. ಬೆಳಿಗ್ಗೆಯಿಂದ ತೊಟ್ಟು ನೀರೂ ಮುಟ್ಟಲಿಲ್ಲ. ಆದರೆ ಮಟಮಟ ಮಧ್ಯಾಹ್ನಕ್ಕೆ ಲಕುಮಜ್ಜಿಯ ಗುಡಿಸಲ ಬಾಗಿಲಲ್ಲಿ ಯಾರೋ ಕಂಬ ಹಿಡಿದು ತೂರಾಡುತ್ತ ನಿಂತಿದ್ದರು. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಮೀಸೆ ನೋಡಿ ಗುರುತು ಹಿಡಿದಳು.

"ಅಜ್ಜೀ," ಎಂದ ದೊರೆ ಸಣ್ಣ ದನಿಯಲ್ಲಿ, "ತಲೆ ತಿರುಗ್ತಿದೆ. ಒಂದು ಹಿಡಿ ಪುರಿ ಇದೆಯಾ?"

"ಅಯ್ಯೋ, ಇದೆ ಬನ್ನಿ ಬುದ್ಧಿ," ಎಂದಳು ಲಕುಮಜ್ಜಿ. "ಹಂಗೇ ತಿಂತೀರಾ, ಸೀರೆ ಅಡ್ಡ ಕಟ್ಲಾ?"